ಹಲ್ಲು ಉದುರಿದ ಕನಸು

"ರಕ್ತ ಬಂತಾ?" ದೊಡ್ಡಕ್ಕ ಕೇಳಿದಳು.

"ಇಲ್ಲ ಅಕ್ಕ. ಒಂದೊಂದೇ ಹಲ್ಲು ಅಂಗೈಗೆ ಬೀಳ್ತಿತ್ತು, ನೋವೇ ಇಲ್ಲ. ಆಮೇಲೆ ವಸಡಿಂದ ಕೂದಲು ಬರೋಕೆ ಶುರುವಾಯ್ತು. ಎಳೆದಷ್ಟೂ ಬರುತ್ತೆ."

"ಹಗಲೆಲ್ಲಾ ಹಲ್ಲಿನ ಜೊತೆ ಸಂಸಾರ ಮಾಡ್ತೀಯ, ಕನಸಲ್ಲಿ ಇನ್ನೇನು ಆನೆ ಬರುತ್ತಾ?"

ಇಬ್ಬರೂ ನಕ್ಕರು. ಕೃತಕ ಹಲ್ಲಿನ ಸೆಟ್ಟು ತಯಾರಿಸುವ ಆ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಅವರ ಮೇಜುಗಳು ಅಕ್ಕಪಕ್ಕ. ಗುಲಾಬಿ ಮೇಣದ ವಸಡಿನ ಮೇಲೆ ಹಲ್ಲು ಕೂರಿಸುವುದು ಇಬ್ಬರದೂ ಕೆಲಸ. ಹಿರಿಯಳೆಂದು ಅವಳು ಎಲ್ಲರಿಗೂ ದೊಡ್ಡಕ್ಕ. ಊಟದ ಹೊತ್ತಿನಲ್ಲಿ ಯಾರು ಕನಸು ಹೇಳಿದರೂ ಅವಳ ಬಳಿ ಅರ್ಥ ಸಿದ್ಧವಿರುತ್ತಿತ್ತು. ಓಡಲು ಹೋದರೆ ಕಾಲೇ ಏಳಲಿಲ್ಲವೆಂದರೆ ಯಾವುದೋ ಕೆಲಸ ಬಾಕಿ ಇದೆ. ಮೈಮೇಲೆ ಬಟ್ಟೆಯಿರಲಿಲ್ಲವೆಂದರೆ ಜನ ಆಡಿಕೊಳ್ಳುವ ಭಯ.

ಈ ಸಲ ಅವಳು ಡಬ್ಬಿ ಮುಚ್ಚಿ ಇವಳ ಮುಖವನ್ನೇ ನೋಡಿದಳು.

"ಹಲ್ಲು ಅಂದ್ರೆ ಮಾತು ಕಣೇ. ಏನನ್ನೋ ಕಚ್ಚಿ ಹಿಡ್ಕೊಂಡಿದ್ದೀಯ. ಯಾರ ಹತ್ರಾನಾದ್ರೂ ಹೇಳ್ಕೊ, ಕನಸು ತಾನಾಗೇ ನಿಲ್ಲುತ್ತೆ."

ಇವಳು ತನ್ನ ಡಬ್ಬಿ ಪಕ್ಕಕ್ಕಿಟ್ಟಳು. ನಾಲ್ಕು ತಿಂಗಳಿಂದ ಬಲಗೈಯ ಎರಡು ಬೆರಳು ಮರಗಟ್ಟುತ್ತಿದ್ದವು. ಆಪರೇಷನ್ ಮಾಡಿದರೆ ಸರಿಹೋಗಬಹುದು ಎಂದಿದ್ದರು ಡಾಕ್ಟರು. ಆದರೆ ಹೊಸ ವಿಭಾಗ ತೆರೆಯಲಿದ್ದ ಲ್ಯಾಬಿನ ಯಜಮಾನರು ಅದನ್ನು ಇವಳಿಗೇ ವಹಿಸುವ ಮಾತಾಡಿದ್ದರು. ಅದಕ್ಕೇ ಯಾರಿಗೂ ಗೊತ್ತಾಗದಂತೆ ದಿನವೂ ಒಂದು ತಾಸು ಮುಂಚೆ ಬಂದು, ಹಿಂದಿನ ದಿನ ಸೊಟ್ಟಗೆ ಕೂತ ಹಲ್ಲುಗಳನ್ನು ಕಿತ್ತು ಮತ್ತೆ ಕೂರಿಸುತ್ತಿದ್ದಳು. ಎಲ್ಲವನ್ನೂ ಹೇಳಿದಳು.

"ಆಪರೇಷನ್ ತಾರೀಖು ಸಿಗಲಿ ಅಕ್ಕ, ಯಜಮಾನರಿಗೆ ನಾನೇ ಹೇಳ್ತೀನಿ."

"ನನ್ನ ಹೊಟ್ಟೇಲೇ ಇರುತ್ತೆ ಬಿಡು," ಎಂದು ದೊಡ್ಡಕ್ಕ ಆ ಎರಡು ಬೆರಳನ್ನು ತನ್ನ ಕೈಯಲ್ಲಿಟ್ಟುಕೊಂಡು ಮೆಲ್ಲಗೆ ತಿಕ್ಕಿದಳು. ಅಂದಿನಿಂದ ಆ ಕನಸು ನಿಜಕ್ಕೂ ಬೀಳಲಿಲ್ಲ.

ಮೂರನೇ ವಾರ ಯಜಮಾನರು ಒಳಗೆ ಕರೆದರು. "ಕೈ ಹೇಗಿದೆಯಮ್ಮಾ? ನಾಳೆಯಿಂದ ಪ್ಯಾಕಿಂಗ್ ನೋಡ್ಕೊಳ್ಳಿ. ಹೊಸ ವಿಭಾಗ ದೊಡ್ಡಕ್ಕ ನೋಡ್ಕೋತಾರೆ." ಹೇಳಿ ಅವರಿಗೂ ಇರುಸುಮುರುಸಾಗಿರಬೇಕು, ನಗಿಸಲು ನೋಡಿದರು. "ಪಾಪ, ಕನಸಲ್ಲೂ ಹಲ್ಲು ಉದುರುತ್ತಂತಲ್ಲ ನಿಮಗೆ!"

ಬೆರಳು ಮರಗಟ್ಟಿ ತಡವರಿಸುವುದನ್ನು ಯಾರಾದರೂ ನೋಡಿರಬಹುದಿತ್ತು. ಕನಸನ್ನು ಯಾರೂ ನೋಡಿರಲಿಲ್ಲ; ಕೇಳಿದ್ದವಳು ಒಬ್ಬಳೇ.

ನೇರವಾಗಿ ದೊಡ್ಡಕ್ಕನ ಮೇಜಿನ ಮುಂದೆ ಹೋಗಿ ನಿಂತಳು. "ಹೇಳ್ಕೊ ಅಂದಿದ್ದು ನೀನೇ ಅಲ್ವಾ ಅಕ್ಕ?"

"ನಿನ್ನ ಒಳ್ಳೇದಕ್ಕೇ ಕಣೇ. ಆ ಕೈಲಿ ಇನ್ನೆಷ್ಟು ದಿನ ಒದ್ದಾಡ್ತಿದ್ದೆ?"

"ಕನಸನ್ನೂ ಹೇಳ್ಬೇಕಿತ್ತಾ?"

ದೊಡ್ಡಕ್ಕ ಚಾಕುವನ್ನು ಬಿಸಿಮಾಡಿ ಮೇಣಕ್ಕೆ ತಾಗಿಸಿದಳು. "ಅರ್ಥ ಕೇಳಿದ್ದು ನೀನು," ಎಂದಳು.

ಪ್ಯಾಕಿಂಗ್ ಕೋಣೆಯಲ್ಲಿ ಎರಡು ವಾರ ಕಳೆಯಿತು. ಒಂದು ಬೆಳಗ್ಗೆ ಹೊಸ ವಿಭಾಗದಿಂದ ಬಂದ ಸೆಟ್ಟನ್ನು ಹತ್ತಿಯಲ್ಲಿ ಸುತ್ತುವಾಗ ಇವಳ ಕೈ ತಡೆಯಿತು. ಕೆಳದವಡೆಯ ಒಂದು ದವಡೆಹಲ್ಲು ಕೂದಲೆಳೆಯಷ್ಟು ಎತ್ತರವಿತ್ತು. ಹಾಗೇ ಹೋದರೆ ಯಾರೋ ಮುದುಕಿ ತುತ್ತು ತುತ್ತಿಗೂ ದವಡೆ ಹಿಡಿದುಕೊಳ್ಳಬೇಕು; ದೂರು ಬಂದರೆ ದೊಡ್ಡಕ್ಕ ಯಜಮಾನರ ಮುಂದೆ ತಲೆತಗ್ಗಿಸಿ ನಿಲ್ಲಬೇಕು. ಪೆಟ್ಟಿಗೆಯ ಮುಚ್ಚಳ ಹಿಡಿದು ಬಹಳ ಹೊತ್ತು ಕೂತಿದ್ದಳು.

ಕೊನೆಗೆ ಎದ್ದು, ಸೆಟ್ಟನ್ನು ಒಯ್ದು ದೊಡ್ಡಕ್ಕನ ಮೇಜಿನ ಮೇಲಿಟ್ಟು ಆ ಹಲ್ಲನ್ನು ತೋರಿಸಿದಳು. ದೊಡ್ಡಕ್ಕ ಇವಳ ಮುಖವನ್ನೊಮ್ಮೆ ನೋಡಿ ಸೆಟ್ಟನ್ನು ಕೈಗೆತ್ತಿಕೊಂಡಳು. ಉಜ್ಜುವ ಯಂತ್ರ ಗುಂಯ್ ಎಂದಿತು. ಅದು ಮುಗಿಯುವವರೆಗೂ ಇವಳು ನಿಂತೇ ಇದ್ದಳು. ಹಲ್ಲಿನ ಬಿಳಿ ಪುಡಿ ಇಬ್ಬರ ನಡುವಿನ ಮೇಜಿನ ಮೇಲೆ ಸಣ್ಣಗೆ ಉದುರುತ್ತಿತ್ತು.