ಲಗಮವ್ವನ ದಡ್ಡಿ

ಹೊರಗಿನಿಂದ ಬಂದವರು ಊರಿನಲ್ಲಿ ಎರಡು ರಾತ್ರಿಗಿಂತ ಹೆಚ್ಚು ತಂಗುವಂತಿಲ್ಲ ಎಂಬ ಠರಾವನ್ನು ಬರೆದವನು ನಾನೇ, ಪಂಚಾಯತಿ ಕ್ಲಾರ್ಕ್ ಅಜಿತ. ಮೂಡಲಗಿ ಸೀಮೆಯ ನಮ್ಮ ಊರಲ್ಲಿ ಮೂರು ಪಂಪ್‌ಸೆಟ್ ಕಳುವಾಗಿದ್ದವು. ಕಳ್ಳರು ಸಿಗಲಿಲ್ಲ, ಪರವೂರಿನವರು ಸಿಕ್ಕರು. "ದೊಡ್ಡ ದೊಡ್ಡ ದೇಶದವ್ರ ಗಡಿಗೆ ಬೇಲಿ ಹಾಕ್ಕೊಂಡ ಕುಂತಾರ. ನಮ್ಮೂರು ನಾವು ಕಾಯ್ಕೊಂಡ್ರ ತಪ್ಪೇನ?" ಎಂದು ಅಧ್ಯಕ್ಷ ದುರ್ಗಪ್ಪ ಮೇಜು ಕುಟ್ಟಿದಾಗ ಎಲ್ಲರೂ ತಲೆಯಾಡಿಸಿದರು. ಠರಾವಿನ ಭಾಷೆ ಚೆನ್ನಾಗಿದೆ ಎಂದು ಹೊಗಳಿಸಿಕೊಂಡು ನಾನೂ ಉಬ್ಬಿದ್ದೆ.

ಮುಂದಿನ ತಿಂಗಳ ಕಡು ಚಳಿಯಲ್ಲಿ ಹುಕ್ಕೇರಿ ಕಡೆಯ ಲಗಮವ್ವ ಕುರಿ ಹೊಡೆದುಕೊಂಡು ಬಂದಳು. ಗೊಬ್ಬರಕ್ಕೆಂದು ತನ್ನ ಹೊಲದಲ್ಲಿ ಸುತ್ತ ಬಲೆ ಕಟ್ಟಿ ಕುರಿದಡ್ಡಿ ಹಾಕಿಸಿದವನು ಇದೇ ದುರ್ಗಪ್ಪ. ಎರಡು ರಾತ್ರಿಯಲ್ಲಿ ಹೊಲದ ತುಂಬ ಹಿಕ್ಕೆ ಬಿತ್ತು, ಅವನ ಕೆಲಸ ಮುಗಿಯಿತು. ಎರಡನೆಯ ದಿನವೇ ಲಗಮವ್ವನ ಸೊಸೆ ಸುವರ್ಣಾ ಅಲ್ಲೇ ಹೆಣ್ಣುಮಗು ಹಡೆದಳು. ಮರುದಿನ ಬೆಳಿಗ್ಗೆ ಅವರನ್ನು ಎಬ್ಬಿಸಲು ದುರ್ಗಪ್ಪ ನನ್ನನ್ನು ಕಳಿಸಿದ.

"ಐದೇಶಿ ಆಗೂತನಕ ಬಾಣಂತೀನ ಎಬ್ಬಸಬಾರದ್ರಿ ಸಾಹೇಬ್ರ," ಎಂದಳು ಲಗಮವ್ವ. "ಐದನೇ ದಿನ ಸೆಟವಿತಾಯಿ ಕೂಸಿನ ಹಣ್ಯಾಗ ಬರ್ಯಾಕ ಬರ್ತಾಳ. ಹಡದ ಜಾಗಾದಾಗ ಕೂಸಿರಬೇಕ್ರಿ."

ಹೂಂ ಅನ್ನೋಣವೆಂದೇ ಮನಸ್ಸಿತ್ತು. ಬರೆದುಕೊಳ್ಳಲೆಂದು, ನಿಮ್ಮೂರು ಯಾವುದು ಎಂದು ಕೇಳಿದೆ.

"ಇದ ಊರ್ರಿ."

ದಡ್ಡಿ ಬಿದ್ದ ಊರೇ ತಮ್ಮೂರು ಎನ್ನುವುದು ಅವರ ಮನೆತನದ ರೂಢಿ. ಅದು ನನಗೆ ತಿಳಿದದ್ದು ಆಮೇಲೆ. ಆಗ ಮೈ ಉರಿಯಿತು. ಬಂದು ಮೂರು ದಿನವಾಗಿಲ್ಲ, ಊರೇ ತಮ್ಮದೆನ್ನುತ್ತಾಳಲ್ಲ! ದುರ್ಗಪ್ಪನಿಗೆ ಹಾಗೆಯೇ ಹೇಳಿದೆ. "ನಾಳಿ ಮನಿ ಕಟ್ಟಾಕ ಜಾಗಾನೂ ಕೇಳ್ತಾರ. ಕಿತ್ತಸು," ಎಂದ. ಮಧ್ಯಾಹ್ನದೊಳಗೆ ದಡ್ಡಿ ಕೀಳಿಸಿದೆ. ಸುವರ್ಣಾ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಕುರಿಗಳ ಹಿಂದೆ ನಡೆದೇ ಹೋದಳು.

ಸಂಜೆ ಊಟಕ್ಕೆ ಕುಳಿತಾಗ ಅಪ್ಪ ಯಲ್ಲಾರಿ ಹೇಳಿದ: "ಕೂಲಿ ಹುಡಿಕ್ಕೊಂಡ ನಾನೂ ನಿಮ್ಮವ್ವನೂ ಈ ಊರಿಗೆ ಬಂದಾಗ ಯಾರೂ ಠರಾವ ಬರ್ದಿರಲಿಲ್ಲೋ ತಮ್ಮಾ. ಅದಕ್ಕ ನೀ ಇವತ್ತ ಕುರ್ಚಿಮ್ಯಾಗ ಕುಂತಿ." ನಾಚಿಕೆಯಾಯಿತು. ಆದರೂ ಅವರನ್ನು ಹುಡುಕಿಕೊಂಡು ಹೋಗಲಿಲ್ಲ.

ಕೂಸಿನ ಐದನೆಯ ದಿನ ಅವರೇ ಬಂದರು. ಕುಲಗೋಡದ ದಾರಿಯಲ್ಲಿ ಚಳಿ ತಡೆಯದೆ ಕೂಸು ತೀರಿಕೊಂಡಿತ್ತು. ಹಡೆದ ಜಾಗದಲ್ಲೇ ಮಣ್ಣು ಕೊಡಬೇಕೆಂದು ಲಗಮವ್ವ ಕೈಮುಗಿದಳು. "ನನ್ನ ಹೊಲದಾಗ ಬ್ಯಾಡ," ಎಂದ ದುರ್ಗಪ್ಪ. ಅಪ್ಪ ಸಲಿಕೆ ಹೊತ್ತು ನಡೆದ. ದುರ್ಗಪ್ಪನ ಹೊಲಕ್ಕೆ ಹತ್ತಿಕೊಂಡೇ ಇರುವ ನಮ್ಮ ನಾಲ್ಕು ಗುಂಟೆಯ ಬದುವಿನಲ್ಲಿ ತಗ್ಗು ತೋಡಿದ.

ಮಣ್ಣು ಮುಚ್ಚಿದ ಮೇಲೆ ಸುವರ್ಣಾ ಮೊದಲ ಸಲ ನನ್ನತ್ತ ನೋಡಿದಳು.

"ಇನ್ನ ಇಕಿನ್ನ ಎಬ್ಬಸೂದಿಲ್ಲಲ್ರಿ ಸಾಹೇಬ್ರ?"