ಅಡುಗೆ ಕಟ್ಟೆಗೊಂದು ಮರ

ಗರಗಸದ ಪುಡಿ ಎಡಗಣ್ಣಿಗೇ ಬಿತ್ತು, ಉಜ್ಜಬೇಡಿ ಮೇಡಂ ಉರಿ ಜಾಸ್ತಿ ಆಗ್ತದೆ ಎನ್ನುತ್ತಾನೆ ಬಡಗಿ ಕೊಂಡಪ್ಪ, ಉಜ್ಜದೆ ಹೇಗಿರಲಿ, ಬೆಳಗ್ಗೆಯಿಂದ ಕಾಲೇಜಿನಲ್ಲಿ ಪಾಠ ಹೇಳಿ ಗಂಟಲು ಒಣಗಿದೆ, ಗೌರಿಬಿದನೂರಿನ ಈ ಸಾಮಿಲ್ಲಿಗೆ ಬಂದು ನಿಂತಾಗಿನಿಂದ ಕಾಲೂ ಎಳೆಯುತ್ತಿದೆ, ಎದುರಿಗೆ ಗೋಡೆಗೊರಗಿ ಹಲಗೆಗಳು, ತೇಗ, ಹೊನ್ನೆ, ಹಲಸು, ಹುಣಸೆ, ಹೆಣ್ಣು ನೋಡಲು ಬಂದವರ ಮುಂದೆ ತಂದು ನಿಲ್ಲಿಸಿದ ಹಾಗೆ, ನೋಡುವವಳಿಗೇ ಕೂತುಬಿಡೋಣ ಅನ್ನಿಸುತ್ತಿದೆ. ಅಡುಗೆ ಕಟ್ಟೆಗೆ ಮರ ಯಾರಾದ್ರೂ ಹಾಕಿಸ್ತಾರಾ ಮೇಡಂ, ಸುತ್ತ ಬರೀ ಬಂಡೆ ಇರೋ ಸೀಮೇಲಿ, ಗ್ರಾನೈಟ್ ಹಾಕ್ಸಿ, ಒರೆಸಿದ್ರೆ ಫಳಫಳ, ಏನೂ ಅಂಟಲ್ಲ, ಯಾರು ಅಡುಗೆ ಮಾಡಿದ್ರೂ ಮಾಡ್ದಂಗೇ ಇರ್ತದೆ — ಅದೇ ಕೊಂಡಪ್ಪ, ಅದೇ ನನಗೆ ಬೇಡದ್ದು, ಬಿಡಿಸಿ ಹೇಳುವಷ್ಟು ಉಸಿರು ಇವತ್ತು ಇಲ್ಲ. ಯಾವುದು ಗಟ್ಟಿ ಎಂದು ಕೇಳಿದೆ, ಹುಣಸೆ ಎಂದ, ಹಾಗಾದರೆ ಹುಣಸೆಯೇ ಇರಲಿ ಎಂದುಬಿಟ್ಟೆ, ಅವನು ಕಿವಿಯ ಮೇಲಿನ ಪೆನ್ಸಿಲ್ ಬೀಳುವ ಹಾಗೆ ನಕ್ಕ, ಅಯ್ಯೋ ದೇವುಡಾ, ಅದು ಮಟನ್ ಅಂಗಡಿ ಕೊರಡಿನ ಮರ ಅಮ್ಮಾ, ಯಜಮಾನ್ರಿಗೊಂದು ಮಚ್ಚು ಕೊಡ್ಸಿ, ಭಾನುವಾರ ವ್ಯಾಪಾರ ಜೋರಾಗಿರ್ತದೆ. ಫೋನಿನಲ್ಲಿ ಅತ್ತೆಗೆ ಹೇಳಿದರೆ ಮಂಡಿಕಲ್ಲಿನಿಂದ ಇಲ್ಲಿಗೇ ಕೇಳುವಷ್ಟು ನಗು, ಮನೆಯೊಳಕ್ಕೆ ಹುಣಸೆ ತರ್ತಾರೇನಮ್ಮ, ಜೊತೇಲಿ ದೆವ್ವನೂ ಬರ್ತದೆ, ಬಂದ್ರೆ ಬರ್ಲಿ ಬಿಡು, ಪಾತ್ರೆ ತೊಳಿಯೋಕಾಯ್ತದೆ. ಆಮೇಲೆ ಗಂಡ ಗಂಗರಾಜು, ಕುಡುಮಲಕುಂಟೆಯ ಫ್ಯಾಕ್ಟರಿಯಿಂದ, ಹಿಂದೆ ಮೆಷೀನಿನ ಸದ್ದು, ಮಿತ್ರಾ, ಯಾವ್ದೋ ಒಂದು ಹೇಳ್ಬಿಡಮ್ಮ, ಇವತ್ತು ಕೊಯ್ದಿಲ್ಲಾಂದ್ರೆ ಮನೆ ಒಕ್ಕಲಿಗೆ ಬಂದೋರಿಗೆ ನಿನ್ನ ಪಾಠಾನೇ ಬಡಿಸ್ಬೇಕಾಯ್ತದೆ.

ಅವನಿಗೆ ಅವಸರ, ನನಗೆ ಒಂದನ್ನು ಆರಿಸಲು ಕೈ ಬರುತ್ತಿಲ್ಲ, ಮದುವೆಯಾದಾಗಿನಿಂದ ಬೇಯಿಸಿದ್ದೆಲ್ಲ ಬಾಡಿಗೆ ಮನೆಗಳಲ್ಲಿ, ಕಟ್ಟೆಗಳೆಲ್ಲ ಯಾರದೋ, ಇದೊಂದು ನನ್ನದು, ಇಲ್ಲಿ ನಾನು ಬೇಯಿಸಿದ ಗುರುತು ಇದರ ಮೇಲೆ ನಿಲ್ಲಬೇಕು, ಯಾರೂ ಕಿತ್ತು ಹಾಕಬಾರದು, ಇಷ್ಟಕ್ಕೇ ಇಷ್ಟು ಸುಸ್ತು. ಹಲಸಿನ ಹಲಗೆಯ ಮೇಲೆ ಅಂಗೈ ಇಡುತ್ತೇನೆ, ಅರಿಶಿನ ಕಲಸಿದಂಥ ಬಣ್ಣ, ಬಿಸಿಲು ಕುಡಿದು ಬೆಚ್ಚಗಿದೆ, ಬರ್ತಾ ಬರ್ತಾ ಕಂದು ಆಗ್ತದೆ ಮೇಡಂ, ಆದ್ರೆ ಸಾರು ಚೆಲ್ಲಿದ್ರೆ ಕುಡ್ಕೊಂಡ್ಬಿಡ್ತದೆ, ಚಾಕು ಗೀರಿದ್ರೆ ಹಂಗೇ ನಿಲ್ತದೆ, ಆಮೇಲೆ ನನ್ನ ಬೈಕೋಬೇಡಿ, ಕೊಂಡಪ್ಪ ಹೇಳುತ್ತಲೇ ಇದ್ದಾನೆ, ಕುಡಿಯಲಿ, ನಿಲ್ಲಲಿ, ಚಿಕ್ಕಬಳ್ಳಾಪುರದ ಮನೆಯನ್ನು ಮಾತ್ರ ನೆನೆಯಬಾರದು, ಆ ಮನೆಯ ಒಡತಿ ಲಕ್ಷ್ಮಿದೇವಮ್ಮನಿಗೆ ಎಷ್ಟು ಅಕ್ಕರೆ, ಮಿತ್ರಮ್ಮ ಅವರೆಕಾಳು ಹುಳಿ ತಗೋಮ್ಮ ಎಂದು ಡಬ್ಬಿ ತರುವರು, ಖಾಲಿ ಡಬ್ಬಿ ಕೊಡಬಾರದಲ್ಲ, ನಾನು ಪಾಯಸ ತುಂಬಿ ಹಿಂದಿರುಗಿಸುವೆ, ಹೀಗೇ ಹೋಗಿ ಬರುತ್ತಿತ್ತು, ಅತ್ತೆ ಗಂಗುಲಮ್ಮ ಬಂದ ದಿನ ಅವರಿಬ್ಬರೂ ಮೆಟ್ಟಿಲ ಮೇಲೆ ಕೂತು ಹರಟಿದರು, ಮಂಡಿಕಲ್ಲಲ್ಲಿ ಯಾವ್ ಕಡೆ ಬರ್ತದೆ ಗಂಗುಲಮ್ಮ ನಿಮ್ಮನೆ, ನಮ್ದಾ, ಎಸ್ಸಿ ಕಾಲೋನಿ ಕಣಮ್ಮ, ನೀರಿನ ಟ್ಯಾಂಕ್ ಪಕ್ಕದ್ದೇ, ಬನ್ನಿ ಒಂದಿನ, ಅತ್ತೆ ಮುಚ್ಚಿಡುವ ಪೈಕಿ ಅಲ್ಲ, ಮುಚ್ಚಿಡಲು ಏನಿದೆ, ಅಲ್ಲಿಂದಾಚೆ ಡಬ್ಬಿ ಬರಲಿಲ್ಲ, ಪಾಯಸ ಕೊಂಡೊಯ್ದರೆ ಶುಗರ್ ಬಂದದೆ ಕಣಮ್ಮ ಬೇಡ, ನಗು ಮಾತ್ರ ಹಾಗೇ ಇತ್ತು, ಎಷ್ಟು ದಣಿವು ಆ ನಗುವಿಗೆ ತಿರುಗಿ ನಗುವುದು. ಮನೆ ಬಿಟ್ಟ ಮೇಲೆ ಕುಕ್ಕರ್ ಮುಚ್ಚಳ ಮರೆತು ಬಂದಿದ್ದೆನೆಂದು ಹೋದೆ, ಬಾಗಿಲ ಮುಂದಿನ ಮೋರಿಗೆ ಅಡ್ಡಲಾಗಿ ಒಂದು ಕರಿ ಕಡಪ ಕಲ್ಲು, ಮೊದಲು ಇರಲಿಲ್ಲ, ಅದರ ಮೇಲೆ ಬಿಳಿ ಉಂಗುರ, ಹುಣಸೆಹುಳಿಯ ಪಾತ್ರೆ ಇಟ್ಟು ನಾನೇ ಮಾಡಿದ್ದು, ಬೂದಿ ಹಾಕಿ ತಿಕ್ಕಿದರೂ ಹೋಗದೆ ಇದ್ದದ್ದು, ನಾನು ಬೇಯಿಸುತ್ತಿದ್ದ ಕಟ್ಟೆ, ಬಿರುಕು ಬಿಟ್ಟಿತ್ತು ಕಣಮ್ಮ, ಅದಕ್ಕೇ ಕೀಳಿಸಿ ಹೊಸದು ಹಾಕ್ಸಿದ್ವಿ, ಲಕ್ಷ್ಮಿದೇವಮ್ಮ ಬಾಗಿಲಲ್ಲಿ ನಿಂತು ನಗುತ್ತಾ, ಎಲ್ಲಿದೆ ಬಿರುಕು, ಒಂದು ಕೂದಲೆಳೆಯಷ್ಟೂ ಇಲ್ಲ, ಯಾಕಮ್ಮ ಅಲ್ಲೇ ನಿಂತೆ, ಕಲ್ಲು ಅಲ್ಲಾಡಲ್ಲ, ಕಾಲಿಟ್ಟು ಬಾ — ಮೇಡಂ, ಮೇಡಂ, ಯಾವ್ದು ಕೊಯ್ಲಿ ಹೇಳಿ, ಕರೆಂಟ್ ಹೋಗೋದ್ರೊಳಗೆ, ಕೊಂಡಪ್ಪ ಕೂಗುತ್ತಿದ್ದಾನೆ, ಹಲಸು ಎನ್ನುತ್ತೇನೆ, ಹಲಸೇ, ಪಾಲಿಶ್ ಬೇಡ, ಬರೀ ಎಣ್ಣೆ, ಕಲೆ ಕೂರ್ತದೆ ಅಮ್ಮಾ, ಕೂರಲಿ ಕೊಂಡಪ್ಪ, ಗರಗಸ ತಿರುಗಿತು, ಹಳದಿ ಪುಡಿ ಹಾರಿತು, ಮುಗಿಯಿತಲ್ಲ, ಇನ್ನು ಮನೆಗೆ ಹೋಗಬಹುದು, ಹೋಗಬೇಕು, ಕಾಲು ಏಳುತ್ತಿಲ್ಲ, ಅವತ್ತು ಎತ್ತಿದ್ದೆ, ಚಪ್ಪಲಿ ಕಾಲು, ಇಡಲೋ ಬೇಡವೋ, ಎತ್ತಿದ್ದು ಎತ್ತಿದ ಹಾಗೇ, ಕೆಳಗೆ ಮೋರಿ ನೀರು, ನೀರಿನ ಮೇಲೆ ಕರಿ ಕಲ್ಲು, ಕಲ್ಲಿನ ಮೇಲೆ ಬಿಳಿ ಉಂಗುರ, ಬಿಳಿ ಉಂಗುರ —