ಒಂದು ಗುಟುಕು ಮನೆ ನೀರು

ಹೂವಿನವಳು ಕನಕಾಂಬರದ ಮೇಲೆ ನೀರು ಚಿಮುಕಿಸಿದಳು, ನಾಲ್ಕು ಹನಿ ಚಿಕ್ಕನಿಂಗಮ್ಮನ ಪಾದಕ್ಕೂ ಬಿದ್ದವು, ತಣ್ಣಗೆ, ಇವತ್ತು ನೀರು ಅಂದರೆ ಸಾಕು ಕಾಲು ಹಿಂದಕ್ಕೆಳೆದುಕೊಳ್ಳುತ್ತಾಳೆ — ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಗ ಶಿವಸ್ವಾಮಿ ಪಕ್ಕದಲ್ಲೇ ಕೂತಿದ್ದಾನೆ, ತೊಡೆಯ ಮೇಲೆ ಥರ್ಮಾಕೋಲ್ ಪೆಟ್ಟಿಗೆ, ಒಳಗೆ ಸೀಸೆಗಳು, ಸೀಸೆಗಳಲ್ಲಿ ದಕ್ಷಿಣದ ಹಿಮಸಮುದ್ರದ ನೀರು, ಹಡಗಿನಲ್ಲಿ ಹೋಗಿ ಅವನೇ ಎತ್ತಿ ತಂದದ್ದು, ಕೇರಳದ ಬಸ್ಸು ಬಂತೆಂದರೆ ಕೊಚ್ಚಿಯ ಲ್ಯಾಬಿಗೆ ಹೊರಟುಬಿಡುತ್ತದೆ, ಹೇಳುವುದಾದರೆ ಅಷ್ಟರೊಳಗೆ ಹೇಳಬೇಕು. ಹೇಳದಿದ್ದರೆ ಯಾರಿಗೆ ಗೊತ್ತು, ಸೀಸೆಯ ಬಾಯಿಗಿದ್ದ ಮೇಣವನ್ನು ದೀಪಕ್ಕೆ ಹಿಡಿದು ಮೊದಲಿನ ಹಾಗೇ ಮೆತ್ತಿದ್ದಾಳೆ, ಅವನೂ ಗಮನಿಸಲಿಲ್ಲ. ನಿನ್ನೆ ಊರಲ್ಲಿ, ಹರವೆಯ ಮನೆಯಲ್ಲಿ, ಅವನು ಸ್ನಾನಕ್ಕೆ ಹೋದಾಗ, ಒಂದು ಸಲ ನೋಡಿಬಿಡೋಣ ಅಂತ, ವರ್ಷ ವರ್ಷ ನಾಲ್ಕು ತಿಂಗಳು ನನ್ನ ಮಗನನ್ನು ಹಿಡಿದಿಟ್ಟುಕೊಳ್ಳುವ ನೀರು ಅದೆಂಥದು ಅಂತ, ಮುಚ್ಚಳ ತಿರುಗಿಸಿದಳು, ನಾಲಿಗೆಗೆ ಹಚ್ಚಿದಳು, ಥೂ, ಬರೀ ಉಪ್ಪು, ಇದಕ್ಕಾ ಇವನು ಸಂಕ್ರಾಂತಿಗೂ ಬಾರದೆ ಹೋಗುವುದು, ಸೀಸೆ ವಾಲಿ ಸೀರೆಗೆ ಚೆಲ್ಲಿತು, ಕೊಡದಿಂದ ಒಂದು ಗುಟುಕು ಹುಯ್ದು ಸರಿ ಮಾಡಿಟ್ಟಳು, ನೀರಿಗೆ ನೀರು ತಾನೇ ಅಂದುಕೊಂಡಳು, ಪೆದ್ದಿ. ಊಟಕ್ಕೆ ಕೂತಾಗ ಅವನೇ ಬಿಡಿಸಿ ಹೇಳಿದ, ನೀನು ಸಾರಿಗೆ ಹಾಕೋ ಉಪ್ಪು ಒಂದೇ ಅಳತೆ ಅಲ್ವವ್ವ, ಸಪ್ಪೆ ಆದ್ರೆ ನೀರು ಜಾಸ್ತಿ ಬಿತ್ತು ಅಂತೀಯಲ್ಲ, ಅಲ್ಲೂ ಅಂಗೇ ಕಣವ್ವ, ಸಮುದ್ರ ಎಷ್ಟು ಸಪ್ಪೆಯೋ ಅಷ್ಟು ಮಂಜು ಕರಗಿ ಸೀನೀರು ಸೇರ್ಯದೆ ಅಂತ ಲೆಕ್ಕ, ಒಂದೇ ಜಾಗದಲ್ಲಿ ಹತ್ತು ವರ್ಷ ನೋಡಿದ್ರೆ ಎಚ್ಚಾಯ್ತೋ ಕಮ್ಮಿಯಾಯ್ತೋ ಗೊತ್ತಾಯ್ತದೆ, ಇದೇ ಕೊನೇ ವರ್ಷ, ಇನ್ನು ನಂಗೆ ದಡದ ಕೆಲ್ಸ, ತಿಂಗಳಿಗೊಂದ್ಸಲ ಊರಿಗೆ ಬತ್ತೀನಿ, ಒಂದು ಸೀಸೆ ಕೆಟ್ರೆ ಮಾತ್ರ ಇನ್ನೊಂದ್ಸಲ ಓಗ್ಬೇಕಾಯ್ತದೆ. ಅವಳು ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು.

ಸುಮ್ಮನಿದ್ದುಬಿಟ್ಟರೆ ಮಗ ಉಳಿಯುತ್ತಾನೆ, ಅಷ್ಟೇ, ಒಂದು ಬಾಯಿ ಮುಚ್ಚಿಕೊಂಡರೆ ಸಾಕು — ಆಮೇಲೆ ಹರವೆಯ ಕೊಡದ ನೀರು ಸಮುದ್ರದ ಸೀನೀರು ಅಂತ ಲೆಕ್ಕಕ್ಕೆ ಸೇರಿಬಿಡುತ್ತದೆ, ಕಂಡಿಲ್ಲದ ದೇಶದವರೆಲ್ಲ ಓದಿ ಅಷ್ಟು ಮಂಜು ಕರಗಿತು ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ, ಅವರೇನು ನನ್ನ ಮಗನನ್ನು ಸಾಕಿದರಾ. ಆದರೆ ಹತ್ತು ವರ್ಷ ಆ ಚಳಿಗೆ ಅವನ ಬೆರಳು ಸೆಟೆದುಕೊಂಡದ್ದು, ಅದೂ ನೀರುಪಾಲಾಗುತ್ತದಲ್ಲ. ಹಡಗು ಮಂಜಿನಲ್ಲಿ ಸಿಕ್ಕಿಕೊಂಡ ಆ ವರ್ಷ ಚಾಮರಾಜನಗರದ ಎಸ್‌ಟಿಡಿ ಬೂತಿನಲ್ಲಿ ದಿನವೆಲ್ಲ ಕೂತಿದ್ದಳು, ಕೊನೆಗೆ ಎಲ್ಲೋ ಪಾತಾಳದಿಂದ ಬಂದ ಹಾಗೆ ದನಿ, ಅವ್ವ ಚೆನ್ನಾಗಿವ್ನಿ, ಮತ್ತೆ ಆ ದನಿಗೆ ಕಾಯಬೇಕಾ, ಈ ವಯಸ್ಸಿನಲ್ಲಿ, ಬೇಡ ಕಣಪ್ಪ ಬೇಡ, ಹೇಳುವುದಿಲ್ಲ. ಶಿವು ಪೆಟ್ಟಿಗೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸುತ್ತಿದ್ದಾನೆ, ಮಲಗಿದ ಕೂಸಿನ ಬೆನ್ನು ಸವರಿದ ಹಾಗೆ, ಬಿಸಿಲು ಬೀಳದಂತೆ ಟವೆಲ್ಲು ಹೊದಿಸುತ್ತಾನೆ, ನೋಡಲಾಗುತ್ತಿಲ್ಲ ಅವಳಿಗೆ, ಬಸ್ಸು ತಿರುಗಿಕೊಂಡು ಬಂತು, ಕಲ್ಪೆಟ್ಟ ಬತ್ತೇರಿ ಅಂತ ಕೂಗುತ್ತಿದ್ದಾನೆ ಕಂಡಕ್ಟರ್, ಅವಳ ಬಾಯಿ ತಾನೇ ಆಡಿಬಿಟ್ಟಿತು, ಮಗ, ಒಂದ್ರೊಳಗೆ ಮನೆ ನೀರು ಹುಯ್ದ್ಬುಟ್ಟೆ ಕಣ್ಲಾ. ಅವನು ಬೈಯಲಿಲ್ಲ. ಟವೆಲ್ಲು ಸರಿಸಿ ಪೆಟ್ಟಿಗೆಯ ಮುಚ್ಚಳ ತೆರೆದ. ಯಾವ್ದವ್ವ, ಅಂದ. ಅವಳು ಬೆರಳಿಟ್ಟು ತೋರಿಸಿದಳು, ಅವನು ಆ ಸೀಸೆ ತೆಗೆದು ಅವಳ ಮಡಿಲಿಗಿಟ್ಟ, ಹೇಳ್ಬುಟ್ಟೆಯಲ್ಲ, ಸಾಕು ಬುಡು. ಇನ್ನೊಂದ್ಸಲ ಓಗ್ಬೇಕಾ ಮಗ. ಊಂ ಕಣವ್ವ. ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತು ಪೆಟ್ಟಿಗೆಯನ್ನು ಮತ್ತೆ ತೊಡೆಗೇರಿಸಿಕೊಂಡ, ಮುಚ್ಚಳ ಇನ್ನೂ ತೆರೆದೇ ಇತ್ತು, ಬಿಳೀ ಥರ್ಮಾಕೋಲಿನಲ್ಲಿ ಸೀಸೆಯಷ್ಟೇ ಅಗಲದ ಒಂದು ಗುಂಡಿ — ಬಸ್ಸು ಕೇರಳದ ರಸ್ತೆಗೆ ಹೊರಳಿತು, ಕೈ ಬೀಸಿದನೋ ಇಲ್ಲವೋ, ಅವಳಿಗೆ ಕಂಡದ್ದು ಆ ಗುಂಡಿ, ಮುಂದಿನ ವರ್ಷ ಅವನು ಅಷ್ಟು ದೂರ ಹೋಗಿ ತುಂಬಿಸಿಕೊಂಡು ಬರಬೇಕಾದ, ದುಂಡನೆಯ, ಖಾಲಿ ಗುಂಡಿ.